ಮನೆಯ ಮೇಲೆ ಹಾರುವ ಪಪ್ಪ

ಸಾರ್ ಅವರ ಸಣ್ಣ ಮಗ ನನ್ನ ಅಂಗಿಯ ಮೇಲೆ ವಾಂತಿ ಮಾಡಿದಾಗ ವಿಮಾನ ಎಡಕ್ಕೆ ವಾಲಿತ್ತು. ಕೆಳಗೆ ಮರಳು, ಮರಳಿನ ಆಚೆ ಸಮುದ್ರ. ಚೀಲ ನನ್ನ ಕೈಯಲ್ಲೇ ಇತ್ತು. ಬಿಡಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಅಂಕಲ್, ಹೀ ಡಿಡ್ ಇಟ್ ಆನ್ ಯೂ," ಎಂದು ಅವನ ಅಕ್ಕ ನನ್ನ ಇನ್ನೊಂದು ಪಕ್ಕದಲ್ಲಿ ನಕ್ಕಳು. ಆರು ವರ್ಷದವಳು. ದೊಡ್ಡವರ ಹೆಡ್‌ಫೋನ್ ಅವಳ ತಲೆಯಿಂದ ಜಾರಿ ಕತ್ತಿಗೆ ಬಂದಿತ್ತು.

ಮುಂದಿನ ಸೀಟಿನಿಂದ ಸಾರ್ ತಿರುಗಿದರು. "ಎಂತ ಮಾರಾಯ, ಚೀಲ ಹಿಡಿಲಿಕ್ಕೆ ಆಗ್ಲಿಲ್ವಾ?"

"ಹಿಡಿದಿದ್ದೆ ಸಾರ್. ಅವನಿಗೆ ಅಂಗಿಯೇ ಇಷ್ಟ ಆಯ್ತು."

ಸಾರ್ ಕೊಳ್ಳಲೆಂದು ನೋಡುತ್ತಿದ್ದ ಆ ವಿಮಾನ ಮಾರುವವನು ಲೆಬನಾನಿನವನು. ಆಗ ಓಡಿಸುತ್ತಿದ್ದವನೂ ಅವನೇ. ಹಿಂದಕ್ಕೆ ಒಮ್ಮೆ ನೋಡಿ, "ಮಾಫಿ ಮುಷ್ಕಿಲ್" ಎಂದ. ತೊಂದರೆ ಇಲ್ಲವಂತೆ. ಸ್ವಲ್ಪ ಹೊತ್ತಿಗೆ ವಾಸನೆ ಅವನವರೆಗೂ ಹೋಗಿರಬೇಕು. ವಿಮಾನ ತಿರುಗಿಸಿದ.

ಇಳಿಯುವಾಗ ಸಣ್ಣವನು ಎರಡೂ ಕಿವಿ ಹಿಡಿದುಕೊಂಡು ಕಿರುಚಿದ. ಸುತ್ತ ಗಾಜು, ಒಳಗೆ ಏಸಿ ಇಲ್ಲ, ಬಿಸಿಲು ನೇರ ತಲೆಗೆ. ಮಗುವಿನ ಕೂದಲು ಒದ್ದೆಯಾಗಿತ್ತು. ನನಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಅಕ್ಕನೇ ಹೇಳಿದಳು, "ಗಿವ್ ಹಿಮ್ ಸಮ್‌ಥಿಂಗ್ ಟು ಈಟ್. ಮಮ್ಮಿ ಆಲ್ವೇಸ್ ಡಸ್." ಏನಾದರೂ ನುಂಗಿದರೆ ಕಿವಿ ಬಿಡುತ್ತದಂತೆ. ನನ್ನ ಕಿಸೆಯಲ್ಲಿ ಕಾರಿನ ಕೀ ಬಿಟ್ಟು ಬೇರೆ ಏನೂ ಇರಲಿಲ್ಲ.

ಮೇಡಂ ಕೆಳಗೆ ಕಾಯುತ್ತಿದ್ದರು. ಆ ವಿಮಾನದ ರೆಕ್ಕೆ ಬಾಗಿಲಿಗಿಂತ ಕೆಳಗಿತ್ತು. ಇರುವುದು ಒಂದೇ ಬಾಗಿಲು, ಇಳಿಯುವುದು ರೆಕ್ಕೆಯ ಮೇಲೆ ಕಾಲಿಟ್ಟು. ಸಣ್ಣವನ ಒಂದು ಶೂ ಒಳಗೇ ಬಿದ್ದಿತ್ತು. ಬರಿಗಾಲು ರೆಕ್ಕೆಗೆ ತಾಗಿತು, ಅದು ಕಾದ ದೋಸೆ ಕಾವಲಿ. ಮತ್ತೆ ಕಿರುಚಿದ. ಮೇಡಂ ಅವನನ್ನು ಎತ್ತಿಕೊಂಡರು. ನನ್ನ ಅಂಗಿ ನೋಡಿದರು. ಆಮೇಲೆ ಸಾರ್ ಅವರನ್ನು ನೋಡಿದರು.

"ಒಂದೇ ಬಾಗಿಲು. ಎಂತಾದ್ರೂ ಆದ್ರೆ ಮೊದಲು ಮುಂದಿನವರು ಇಳಿಬೇಕು, ಆಮೇಲೆ ಮಕ್ಕಳು. ಇದು ಫ್ಯಾಮಿಲಿ ವಿಮಾನವಾ?"

"ಎಂತ ಆಗ್ತದೆ ಮಾರಾಯ್ತಿ?"

"ಆಗುದಿಲ್ಲ ಅಂತ ನೀವು ಹೇಳಿದ್ರೆ ಸಾಕಾ? ವಿಮಾನಕ್ಕೆ ಕೇಳ್ತದಾ?"

ಕಾರಿನಲ್ಲಿ ಅರ್ಧ ದಾರಿಗೆ ಮಕ್ಕಳು ನಿದ್ದೆ ಹೋದರು. ಆಮೇಲೆ ಮೇಡಂ ಹೇಳಿದರು, "ಈ ವಿಮಾನದ ಮಾತು ಖಲಾಸ್. ಮಕ್ಕಳು ದೊಡ್ಡ ಆಗ್ಲಿ, ಮತ್ತೆ ನೋಡುವ." ಸಾರ್ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಅವರಿಗೆ ಬೇಸರವಾಗಿತ್ತು. ಅವರಿಗಿಂತ ಹೆಚ್ಚು ಬೇಸರ ನನಗೆ ಆಗಿತ್ತು, ಅದು ಕಾರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಅವರ ಡ್ರೈವರ್. ಅವರ ಮನೆ ಅಬುಧಾಬಿಯ ಖಲೀಫಾ ಸಿಟಿಯಲ್ಲಿ. ಮೇಡಂ ಅಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರ್. ಸಾರ್ ಅವರ ಅಂಗಡಿ ದುಬೈಯ ದೇರಾದಲ್ಲಿ, ಅಪ್ಪನ ಕಾಲದ್ದು, ಗಾಡಿಗಳ ಬಿಡಿಭಾಗದ ಹೋಲ್‌ಸೇಲ್. ನಮ್ಮ ಊರ ಕಡೆಯ ಕ್ರಿಶ್ಚಿಯನ್ನರು, ಗಂಡ ಹೆಂಡತಿ ಒಳಗೆ ಕೊಂಕಣಿ, ನನ್ನ ಹತ್ತಿರ ಕನ್ನಡ. ದಿನಾ ಬೆಳಿಗ್ಗೆ ಸಾರ್ ಅವರನ್ನು ದೇರಾಕ್ಕೆ ಬಿಡುವುದು, ಸಂಜೆ ತರುವುದು ನನ್ನ ಕೆಲಸ. ದಾರಿ ಉದ್ದ, ಹಾಗಾಗಿ ಅವರ ವಿಮಾನದ ಕತೆ ಕೇಳಿದವನು ನಾನೇ. ಸಣ್ಣವರಿರುವಾಗ ದೇರಾದ ಫ್ಲಾಟಿನ ಕಿಟಕಿಯಿಂದ ಇಳಿಯುವ ವಿಮಾನ ನೋಡುತ್ತಾ ಬೆಳೆದವರು. ದೊಡ್ಡವರಾದ ಮೇಲೆ ಕಲಿತು ಲೈಸೆನ್ಸ್ ತೆಗೆದರು. ಈಗ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ವಿಮಾನ ಬೇಕು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕು ಎಂದು ಆಸೆ. ಮಕ್ಕಳಿಗೆ ನನ್ನ ಅಭ್ಯಾಸ ಇದ್ದುದರಿಂದ ವಿಮಾನ ನೋಡಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸುತ್ತಿಬಳಸಿ ಹೇಳಲು ಬರುವುದಿಲ್ಲ. ನನಗೆ ಆ ವಿಮಾನ ಬೇಕಿತ್ತು. ಯಾಕೆಂದು ಹೇಳುತ್ತೇನೆ.

ನಮ್ಮ ಮನೆ ಬಜ್ಪೆ ವಿಮಾನ ನಿಲ್ದಾಣದ ಗುಡ್ಡೆಯ ಕೆಳಗೆ. ವಿಮಾನ ಇಳಿಯುವುದೂ ಏರುವುದೂ ನಮ್ಮ ಹಂಚಿನ ಮಾಡಿನ ಮೇಲಿನಿಂದಲೇ. ಹಂಚು ಗಡಗಡ ಅನ್ನುತ್ತದೆ, ಕೋಳಿಗಳು ಸಹ ಈಗ ಹೆದರುವುದಿಲ್ಲ. ನಮ್ಮ ಸುತ್ತಿನ ಮನೆಗಳಲ್ಲಿ ಹೆಚ್ಚಿನ ಗಂಡಸರು ಗಲ್ಫಿನಲ್ಲಿ. ಹಾಗಾಗಿ ಅಲ್ಲಿ ಒಂದು ಕ್ರಮ ಉಂಟು. ಬೇರೆ ಕಡೆ ಮಕ್ಕಳಿಗೆ ಕಾಗೆ ತೋರಿಸಿ ಚಂದ್ರನನ್ನು ತೋರಿಸಿ ಉಣಿಸುತ್ತಾರಲ್ಲ, ನಮ್ಮಲ್ಲಿ ವಿಮಾನ ತೋರಿಸಿ ಉಣಿಸುತ್ತಾರೆ. "ಪಪ್ಪ ಬಂದ್ರು ನೋಡು, ಬಾಯಿ ತೆಗಿ" ಎನ್ನುತ್ತಾರೆ. ಮಗು ಮೇಲೆ ನೋಡಿ ಬಾಯಿ ತೆರೆಯುತ್ತದೆ. ಅನ್ನ ಒಳಗೆ ಹೋಗುತ್ತದೆ.

ನನ್ನ ಮಗಳು ಹುಟ್ಟುವಾಗ ನಾನು ಇಲ್ಲಿ ಅಬುಧಾಬಿಯಲ್ಲಿದ್ದೆ. ಅವಳಿಗೂ ನನ್ನ ಅಮ್ಮ ಹಾಗೆಯೇ ಉಣಿಸಿದ್ದು. ಮನೆಯಲ್ಲಿ ನಾವು ತುಳು, ಎಲ್ಲರಿಗೂ ಗೊತ್ತಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾನು ದಿನಾ ಮುಖ ತೋರಿಸುತ್ತಿದ್ದೆ. ಆದರೆ ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ. ಮೂಲೆಯಲ್ಲಿ ಸಣ್ಣದಾಗಿ ಕಾಣುವ ಅವಳದೇ ಮುಖವನ್ನು. ನಾಲಗೆ ಹೊರಗೆ ಹಾಕಿ ಅದನ್ನೇ ನೋಡಿ ನಗುವಳು. ನಾನು, "ಮಗಾ, ಇಲ್ಲಿ ನೋಡು, ಪಪ್ಪ" ಎಂದರೆ ಫೋನ್ ಅವಳಮ್ಮನಿಗೆ ಕೊಟ್ಟು ಹೋಗುವಳು.

ಕಳೆದ ರಜೆ ಒಂದು ವರ್ಷ ತಡವಾಗಿ ಸಿಕ್ಕಿತು, ಹೋದಾಗ ಅವಳಿಗೆ ಎರಡೂವರೆ ವರ್ಷ. ನಿಲ್ದಾಣದಿಂದ ರಿಕ್ಷಾದಲ್ಲಿ ಬಂದು ಅಂಗಳದಲ್ಲಿ ಇಳಿದೆ. ಅವಳು ಹೆಂಡತಿಯ ಕಾಲಿನ ಹಿಂದೆ ಅಡಗಿದಳು.

"ಯಾರು ಬಂದದ್ದು ಹೇಳು?" ಎಂದಳು ಹೆಂಡತಿ.

"ಮಾಮ."

ಮನೆಗೆ ಬರುವ ಗಂಡಸರೆಲ್ಲ ಅವಳಿಗೆ ಮಾಮ. ಮೀನಿನವನೂ ಮಾಮ, ಗ್ಯಾಸ್ ತರುವವನೂ ಮಾಮ. ಎರಡು ದಿನದಲ್ಲಿ ಸರಿಯಾಗುತ್ತದೆ ಎಂದು ಅಮ್ಮ ಹೇಳಿದರು. ಆಗಲಿಲ್ಲ. ಒಂದು ಮಧ್ಯಾಹ್ನ ನಾನೇ ಉಣಿಸುತ್ತೇನೆ ಎಂದು ಕುಚ್ಚಲಕ್ಕಿ ಅನ್ನ ಕಲಸಿ ಬಟ್ಟಲು ಹಿಡಿದು ಕೂತೆ. ಅವಳು ಬಾಯಿ ಬಿಗಿಹಿಡಿದಳು. ಅಷ್ಟರಲ್ಲಿ ವಿಮಾನ ಬಂತು. ಅವಳು ನನ್ನ ಕೈ ತಳ್ಳಿ ಅಂಗಳಕ್ಕೆ ಓಡಿ, ಎರಡೂ ಕೈ ಎತ್ತಿ, "ಪಪ್ಪಾ, ಟಾಟಾ" ಎಂದು ಕೂಗಿದಳು. ವಿಮಾನ ಗುಡ್ಡೆಯ ಹಿಂದೆ ಹೋಗುವವರೆಗೆ ಕೈ ಬೀಸಿದಳು. ನಾನು ಅವಳ ಹಿಂದೆ ಬಟ್ಟಲು ಹಿಡಿದು ನಿಂತಿದ್ದೆ.

ಹೆಂಡತಿ ಬಾಗಿಲಲ್ಲಿ ನಿಂತು ನಗಲು ಶುರು ಮಾಡಿದಳು. ನನ್ನ ಮುಖ ನೋಡಿ ನಿಲ್ಲಿಸಿದಳು.

"ಮಕ್ಕಳಲ್ಲವಾ," ಎಂದಳು.

"ಹ್ಞೂಂ," ಎಂದೆ.

ರಜೆ ಮುಗಿಸಿ ಹೊರಟ ದಿನ ಅವಳು ನನಗೆ ಟಾಟಾ ಮಾಡಲಿಲ್ಲ. ಆಮೇಲೆ ನಾನಿದ್ದ ವಿಮಾನ ಮನೆಯ ಮೇಲೆ ಹೋಗುವಾಗ ಮಾಡಿದಳಂತೆ. ಯಾವ ವಿಮಾನ ಎಂದು ಅವಳಿಗೆ ಹೇಗೆ ಗೊತ್ತು. ಎಲ್ಲದಕ್ಕೂ ಮಾಡುತ್ತಾಳೆ.

ಇಲ್ಲಿ ನನ್ನ ರೂಮ್ ಸಾರ್ ಅವರ ವಿಲ್ಲಾದ ಹಿಂದೆ. ಇಲ್ಲೂ ವಿಮಾನ ನಿಲ್ದಾಣ ಹತ್ತಿರ. ಬೆಳಿಗ್ಗೆ ಕಾರು ತೊಳೆಯುವಾಗ ಮೇಲೆ ವಿಮಾನ ಹೋದರೆ ಬಕೆಟ್ ಬಿಟ್ಟು ನಿಂತು ನೋಡುತ್ತೇನೆ. ಪಕ್ಕದ ವಿಲ್ಲಾದ ಡ್ರೈವರ್, ಉಳ್ಳಾಲದ ಬ್ಯಾರಿ, ಒಮ್ಮೆ ಕೇಳಿದ, "ಎಂತದ್ದು ಮಾರಾಯ, ಟಿಕೆಟ್ ಬಿದ್ದುಂಟಾ ಅಂತ ನೋಡುದಾ?" ನಕ್ಕು ಬಕೆಟ್ ಎತ್ತಿಕೊಂಡೆ.

ಸಾರ್ ವಿಮಾನ ತೆಗೆದುಕೊಂಡರೆ ನನ್ನ ಹೆಂಡತಿ ಮಗಳನ್ನು ವಿಸಿಟ್ ವೀಸಾದಲ್ಲಿ ಕರೆಸಬೇಕು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಮೇಲೆ ಹೋಗಬೇಕು. ಇಷ್ಟೇ ನನ್ನ ಲೆಕ್ಕಾಚಾರ. ವಿಮಾನದ ಒಳಗೆ ನನ್ನನ್ನು ಒಮ್ಮೆ ನೋಡಿದರೆ ಅವಳಿಗೆ ಗೊತ್ತಾಗುತ್ತದೆ, ಪಪ್ಪ ಅಂದರೆ ಇವನು ಎಂದು. ದೊಡ್ಡ ವಿಮಾನದಲ್ಲಿ ಒಟ್ಟಿಗೆ ಹೋಗಬಹುದಲ್ಲ ಎಂದು ನೀವು ಕೇಳಬಹುದು. ನನ್ನ ರಜೆ ಎರಡು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಅವಳು ಶಾಲೆಗೆ ಹೋಗುತ್ತಾಳೆ. ಆಗ ವಿಮಾನ ಅಂದರೆ ವಿಮಾನ, ಮಾಮ ಅಂದರೆ ಮಾಮ ಎಂದು ಗಟ್ಟಿಯಾಗಿಬಿಟ್ಟಿರುತ್ತದೆ.

ಅದಕ್ಕೇ ಮೇಡಂ ಖಲಾಸ್ ಎಂದಾಗ ನನಗೆ ಸ್ಟೇರಿಂಗ್ ಹಿಡಿಯಲು ಸಹ ಮನಸ್ಸು ಬರಲಿಲ್ಲ.

ಒಂದು ವಾರ ಸುಮ್ಮನಿದ್ದೆ. ಆಮೇಲೆ ಒಂದು ಸಂಜೆ ಮೇಡಂ ಅವರನ್ನು ಆಸ್ಪತ್ರೆಯಿಂದ ಕರೆತರುವಾಗ ಕೇಳಿಯೇಬಿಟ್ಟೆ.

"ಮೇಡಂ, ವಿಮಾನ ತೆಗೆಯುದಿಲ್ವಾ?"

"ನಿಂಗೆ ಎಂತಕ್ಕೆ ಅದು? ಇನ್ನೊಂದು ಅಂಗಿ ಹಾಳಾಗ್ಬೇಕಾ?"

ನಾನು ಹೇಳಿದೆ. ಅನ್ನದ ಬಟ್ಟಲು, ಅಂಗಳ, ಟಾಟಾ, ಮಾಮ, ಎಲ್ಲ. ಅವರು ಹಿಂದಿನ ಸೀಟಿನಲ್ಲಿ ಫೋನ್ ನೋಡುತ್ತಿದ್ದರು. ಫೋನ್ ಕೆಳಗಿಟ್ಟರು. ಗೇಟಿನ ಹತ್ತಿರ, "ನಿಮ್ಮ ಅಮ್ಮನಿಗೆ ಬೇರೆ ಎಂತದೂ ಸಿಗ್ಲಿಲ್ವಾ ತೋರಿಸ್ಲಿಕ್ಕೆ," ಎಂದು ಇಳಿದು ಹೋದರು.

ಶನಿವಾರ ಬೆಳಿಗ್ಗೆ ಸಾರ್ ಬಂದು ನನ್ನ ಬೆನ್ನಿಗೆ ಒಂದು ಗುದ್ದಿದರು. "ಯಲ್ಲಾ, ಹೊರಡು, ಗಾಡಿ ತೆಗಿ. ಇನ್ನೊಂದು ವಿಮಾನ ಉಂಟಂತೆ, ಎಲ್ಲರೂ ಹೋಗಿ ನೋಡಿ ಬರುವ. ಎಂತ ಹೇಳಿದ್ದು ಮಾರಾಯ ನೀನು ಅವಳಿಗೆ?"

"ಎಂತದೂ ಇಲ್ಲ ಸಾರ್."

ಆ ಎರಡನೆಯದು ಹಳೆಯ ವಿಮಾನ. ರೆಕ್ಕೆ ಮೇಲೆ, ಕೊಡೆ ಹಿಡಿದ ಹಾಗೆ. ಎರಡೂ ಬದಿ ಬಾಗಿಲು. ನೆಲದಿಂದ ನೇರ ಒಳಗೆ ಕಾಲಿಡಬಹುದು. ಮೂರು ಸಾಲಲ್ಲಿ ಆರು ಸೀಟು. ಸೀಟಿನ ಬಟ್ಟೆ ಮಾಸಿತ್ತು, ಬಣ್ಣ ಅಲ್ಲಲ್ಲಿ ಎದ್ದಿತ್ತು. ಸಾರ್ ಅವರ ಮುಖ ಸಣ್ಣದಾಯಿತು. ಎಂಜಿನ್ ಸುತ್ತ ತಿರುಗಿದರು, ಬಗ್ಗಿ ನೋಡಿದರು, ಮಾರುವವನ ಹತ್ತಿರ ಇಂಗ್ಲಿಷಿನಲ್ಲಿ ತುಂಬ ಕೇಳಿದರು. ಕೊನೆಗೆ ನಮ್ಮ ಕಡೆ ಬಂದು, "ಎಂಜಿನ್ ಗಟ್ಟಿ ಉಂಟು. ಆದ್ರೆ ಇದು ಎತ್ತಿನ ಗಾಡಿ ಮಾರಾಯ್ತಿ. ಮೊದಲು ನೋಡಿದ್ದರ ಮುಂದೆ ಇದು ಓಡುದೇ ಇಲ್ಲ," ಎಂದರು.

ಮೇಡಂ ಕಾರಿನಿಂದ ಮಕ್ಕಳ ಕೂರುವ ಸೀಟುಗಳನ್ನು ತರಲು ನನಗೆ ಹೇಳಿದರು. ತಂದು ಕಟ್ಟಿ ನೋಡಿದೆವು, ಸರಿಯಾಗಿ ಕೂತವು. ಸಣ್ಣವನನ್ನು ಕೂರಿಸಿ ಬೆಲ್ಟ್ ಹಾಕಿ, ಹೊರಗಿನಿಂದ ಬಾಗಿಲು ತೆರೆದು ಅವನನ್ನು ಎಳೆದು ತೆಗೆದು ನೋಡಿದರು. ಎರಡು ಸಲ. ಅವನಿಗೆ ಅದು ಆಟವಾಯಿತು, ಮತ್ತೊಮ್ಮೆ ಎಂದ. ಆಮೇಲೆ ಮೇಡಂ ರೆಕ್ಕೆಯ ಕೆಳಗೆ ನೆಲಕ್ಕೆ ಒಂದು ಬೆಡ್‌ಶೀಟ್ ಹಾಸಿ, ಡಬ್ಬಿ ತೆರೆದು ಮಕ್ಕಳಿಗೆ ಸ್ಯಾಂಡ್‌ವಿಚ್ ಕೊಟ್ಟರು. ಸುತ್ತ ಎಲ್ಲೂ ಒಂದು ಮರ ಇರಲಿಲ್ಲ. ಇಡೀ ಮೈದಾನದಲ್ಲಿ ನೆರಳಿದ್ದದ್ದು ಆ ರೆಕ್ಕೆಯ ಕೆಳಗೆ ಮಾತ್ರ.

"ಇದನ್ನೇ ತೆಗೆಯುವ," ಎಂದರು ಮೇಡಂ, ತಿನ್ನುತ್ತಾ.

"ಎಂತ ನೋಡಿ ಹೇಳುದು ನೀನು? ಸ್ಪೀಡ್ ನೋಡ್ಬೇಡ್ವಾ?"

"ಈ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಓಡಿಹೋಗ್ಲಿಕ್ಕೆ ಉಂಟು ನಿಮಗೆ? ಇಳಿದಲ್ಲಿ ಕೂತು ತಿನ್ಲಿಕ್ಕೆ ನೆರಳು ಉಂಟು. ಸಾಕು." ಮತ್ತೆ ನನ್ನ ಕಡೆ ನೋಡದೆಯೇ ಹೇಳಿದರು, "ಎರಡು ಸೀಟು ಜಾಸ್ತಿಯೂ ಉಂಟು."

ನಾನು ಸೀಟು ಬಿಚ್ಚುವ ನೆಪದಲ್ಲಿ ವಿಮಾನದ ಆ ಬದಿಗೆ ಹೋದೆ.

ಸಾರ್ ಅದನ್ನೇ ತೆಗೆದುಕೊಂಡರು. ಚಳಿಗಾಲದಲ್ಲಿ ನನ್ನ ಹೆಂಡತಿ ಮತ್ತು ಮಗಳು ವಿಸಿಟ್ ವೀಸಾದಲ್ಲಿ ಬಂದರು. ಹಿಂದಿನ ರೂಮಲ್ಲೇ ಇರಲಿ ಎಂದು ಮೇಡಂ ಹೇಳಿದ್ದರು, ಒಂದು ಗ್ಯಾಸ್ ಒಲೆಯೂ ಕೊಟ್ಟಿದ್ದರು. ನಿಲ್ದಾಣದಲ್ಲಿ ಕಂಬಿಯ ಹತ್ತಿರ ನಿಂತು ಕಾದೆ. ಮಗಳು ಟ್ರಾಲಿಯ ಮೇಲೆ ಕೂತು ಬಂದಳು. ಉದ್ದ ಆಗಿದ್ದಳು. ಕೂದಲಿಗೆ ಎರಡು ಜುಟ್ಟು. ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಬಾಗಿಲಿನ ಕಡೆ ನೋಡಿದಳು.

"ವಿಮಾನದ ಒಳಗೆ ಇಡೀ ಹುಡುಕಿದಳು ನಿಮ್ಮನ್ನು," ಎಂದಳು ಹೆಂಡತಿ. "ಪಪ್ಪ ಎಲ್ಲಿ, ಪಪ್ಪ ಎಲ್ಲಿ ಅಂತ. ಟಾಯ್ಲೆಟ್ಟಿನ ಬಾಗಿಲನ್ನೂ ಬಡಿದಳು. ಒಳಗೆ ಯಾರೋ ಅಜ್ಜ ಇದ್ರು ಪಾಪ, ಹೆದರಿ ಹೊರಗೆ ಬಂದ್ರು."

"ನೀನು ಎಂತ ಹೇಳಿದ್ದು?"

"ಎಂತ ಹೇಳುದು? ಇಳಿದಲ್ಲಿ ಸಿಗ್ತಾರೆ ಅಂದೆ. ಈಗ ನಿಮ್ಮನ್ನು ತೋರ್ಸಿದ್ರೆ ಇದು ಮಾಮ ಅಂತಾಳೆ."

ಮೊದಲ ವಾರ ಮಾಮನಾಗಿಯೇ ಕಳೆದೆ. ಸಾರ್ ಅವರ ಮಕ್ಕಳ ಜೊತೆ ಬೇಗ ಸೇರಿದಳು. ಅವರ ಇಂಗ್ಲಿಷ್ ಅವಳಿಗೆ ಬಾರದು, ಅವಳ ತುಳು ಅವರಿಗೆ ಬಾರದು, ಜಗಳ ಮಾತ್ರ ಚೆನ್ನಾಗಿ ನಡೆಯುತ್ತಿತ್ತು. ಅವರ ಜೊತೆ ಸೇರಿ ನನ್ನನ್ನು ಅಂಕಲ್ ಎಂದು ಕರೆಯಲೂ ಕಲಿತಳು. ಮಾಮನಿಂದ ಅಂಕಲ್ ಆದೆ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಹೋದೆವು. ಹೆಂಡತಿ ಆ ಸಣ್ಣ ವಿಮಾನ ನೋಡಿ, "ಇದು ಹಾರ್ತದಾ? ನಮ್ಮೂರ ಬಸ್ಸು ಇದಕ್ಕಿಂತ ದೊಡ್ಡ," ಎಂದು ಹತ್ತಲೇ ಇಲ್ಲ. ಮೇಡಂ ಮತ್ತು ಅವರ ಮಕ್ಕಳ ಜೊತೆ ಕೆಳಗೆ ನಿಂತಳು. ಮುಂದೆ ಸಾರ್, ಹಿಂದೆ ನಾನು, ನನ್ನ ಪಕ್ಕದಲ್ಲಿ ಕಿಟಕಿಗೆ ಮಗಳು. ಸಾರ್ ಅವರ ಮಗಳ ಸೀಟಿನಲ್ಲಿ ಕಟ್ಟಿ ಕೂರಿಸಿದ್ದೆವು. ಈ ಸಲ ನಾನು ಸರಿಯಾಗಿ ತಯಾರಾಗಿದ್ದೆ. ಒಂದು ಕೈಯಲ್ಲಿ ಚೀಲ, ಬಿಡಿಸಿಯೇ ಇಟ್ಟಿದ್ದೆ. ಕಿಸೆಯಲ್ಲಿ ಬೀಜ ತೆಗೆದ ಖರ್ಜೂರದ ತುಂಡು, ಕಿವಿಗೆ.

ಎಂಜಿನ್ ಶುರುವಾಯಿತು. ವಿಮಾನ ನಡುಗಿತು, ಓಡಿತು, ಎದ್ದಿತು. ಅವಳು ಅಳಲಿಲ್ಲ. ಹೆಡ್‌ಫೋನಿನಡಿ ಅವಳ ಮುಖ ಒಂದು ಮುಷ್ಟಿಯಷ್ಟು ಕಾಣುತ್ತಿತ್ತು. ಕೆಳಗೆ ಮೂರು ನಾಲ್ಕು ಮಂದಿ ಸಣ್ಣದಾಗಿ ನಿಂತು ಕೈ ಬೀಸುತ್ತಿದ್ದರು. ಅವಳು ನೋಡಿದಳು. ಕೈ ಎತ್ತಿದಳು, ಮತ್ತೆ ಇಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ ದೊಡ್ಡದಾಗಿ ಬಾಯಿ ತೆರೆದಳು.

ವಾಂತಿ ಎಂದುಕೊಂಡೆ. ಚೀಲ ಹಿಡಿದೆ. ಅವಳು ಚೀಲ ತಳ್ಳಿದಳು. ಮತ್ತೆ ಹಿಡಿದೆ, ಮತ್ತೆ ತಳ್ಳಿದಳು. ಬಾಯಿ ಮುಚ್ಚಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಎಂತ ಆಯ್ತು?" ಹೆಡ್‌ಫೋನಿನಲ್ಲಿ ಸಾರ್ ಕೇಳಿದರು. "ಕಕ್ಕುತ್ತಾಳಾ?"

ಆಗ ತಲೆಗೆ ಹೋಯಿತು. ವಿಮಾನದ ಸದ್ದು. ಸದ್ದು ಬಂದರೆ ಅನ್ನ ಬರಬೇಕು.

"ಇಲ್ಲ ಸಾರ್," ಎಂದೆ. "ಹಸಿವು."

ಚೀಲ ಬಿಟ್ಟು ಕಿಸೆಗೆ ಕೈ ಹಾಕಿದೆ. ಒಂದು ತುಂಡು ಖರ್ಜೂರ ಬಾಯಿಗಿಟ್ಟೆ. ಜಗಿದಳು, ನುಂಗಿದಳು, ಮತ್ತೆ ತೆರೆದಳು. ಮತ್ತೆ ಇಟ್ಟೆ. ಕೆಳಗೆ ಸಮುದ್ರ ಬಂತು, ದ್ವೀಪ ಬಂತು, ಸಾರ್ ಅದು ನೋಡು ಇದು ನೋಡು ಎನ್ನುತ್ತಿದ್ದರು. ನಾನು ಏನೂ ನೋಡಲಿಲ್ಲ. ಮಗಳಿಗೆ ಉಣಿಸುತ್ತಿದ್ದೆ.

ಇಳಿದ ಮೇಲೆ ಬೆಲ್ಟ್ ಬಿಚ್ಚಿದೆ. ಅವಳು ಒಮ್ಮೆ ವಿಮಾನದ ಒಳಗೆ ಹಿಂದೆ ಮುಂದೆ ನೋಡಿದಳು. ಹಿಂದಿನ ಎರಡು ಸೀಟು ಖಾಲಿ. ಮತ್ತೆ ನನ್ನನ್ನು ನೋಡಿದಳು. ಖರ್ಜೂರದ ಅಂಟು ಕೈ ಎರಡನ್ನೂ ನನ್ನ ಕಡೆ ಚಾಚಿ, "ಪಪ್ಪ, ಎತ್ತು," ಎಂದಳು.

ಎತ್ತಿಕೊಂಡೆ. ಅಂಗಿ ಆ ದಿನವೂ ಹಾಳಾಯಿತು.

ವೀಸಾ ಮುಗಿಯುವವರೆಗೆ ಅವಳು ನನ್ನ ಕಾಲು ಬಿಡಲಿಲ್ಲ. ಕಾರು ತೊಳೆಯುವಾಗ ಬಕೆಟಿನ ಹತ್ತಿರ ಕೂರುವಳು. ಮೇಲೆ ವಿಮಾನ ಹೋದರೆ ಅದನ್ನು ನೋಡಿ ನನ್ನನ್ನು ನೋಡುವಳು, ನಾನು ಕೆಳಗೇ ಇದ್ದೇನೆಯೇ ಎಂದು. ಹೊರಡುವ ದಿನ ನಿಲ್ದಾಣದಲ್ಲಿ ನನ್ನ ಕೊರಳಿನಿಂದ ಅವಳ ಕೈ ಬಿಡಿಸಲು ಇಬ್ಬರು ಬೇಕಾಯಿತು. "ಪಪ್ಪನೂ ಹತ್ತಲಿ" ಎಂದು ಕೂಗುತ್ತಿದ್ದಳು. ಇನ್ನೊಮ್ಮೆ ರಿಕ್ಷಾದಲ್ಲಿ ಮನೆಗೆ ಬರುತ್ತೇನೆ ಎಂದು ಹೇಳಿದೆ. ಬಾಯಿಗೆ ಬಂದದ್ದು ಹೇಳಿದೆ.

ನಿನ್ನೆ ಫೋನ್ ಮಾಡಿದ್ದೆ. ಈಗ ಅವಳು ಮೂಲೆಯ ಮುಖ ನೋಡುವುದಿಲ್ಲ, ನನ್ನನ್ನೇ ನೋಡುತ್ತಾಳೆ. ಸ್ವಲ್ಪ ನೋಡಿ, ಫೋನ್ ಬಿಟ್ಟು ಹೊರಗೆ ಹೋಗುತ್ತಾಳೆ.

"ಉಣ್ಣುದಿಲ್ಲ ಈಗ," ಎಂದಳು ಹೆಂಡತಿ. "ವಿಮಾನ ಬಂದ್ರೆ ತಲೆ ಸಹ ಎತ್ತುದಿಲ್ಲ. ಅತ್ತೆ ತೋರ್ಸಿದ್ರೆ, ಅದ್ರಲ್ಲಿ ಪಪ್ಪ ಇಲ್ಲ, ಅಂತಾಳೆ."

"ಮತ್ತೆ ಎಂತ ಮಾಡ್ತಾಳೆ?"

"ಗೇಟಿನ ಹತ್ರ ಕೂತಿರ್ತಾಳೆ. ರಿಕ್ಷಾದ ಸದ್ದು ಕೇಳಿದ್ರೆ ಎದ್ದು ನಿಲ್ತಾಳೆ."

ನನ್ನ ರಜೆಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಉಂಟು. ನಮ್ಮ ರಸ್ತೆಯಲ್ಲಿ ರಿಕ್ಷಾ ದಿನಾ ಹೋಗುತ್ತದೆ. ಇಷ್ಟೇ.